ಗೇಟಿನ ಬೀಗದ ಕೈ ಯಾರತ್ರ ಅದೆ?

ಜೂನ್ ಬಂತೆಂದರೆ ಜರ್ಮನಿಯ ಬಾನ್ ಊರಿಗೆ ಜಗತ್ತೇ ಬಂದು ಇಳಿಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ಕಚೇರಿ ಇರುವುದು ಇಲ್ಲೇ, ರೈನ್ ನದಿಯ ದಡದಲ್ಲಿ. ವರ್ಷದ ಕೊನೆಯಲ್ಲಿ ನಡೆಯುವ ದೊಡ್ಡ ಸಮ್ಮೇಳನ ಟಿವಿಯಲ್ಲಿ ಬರುತ್ತದೆ, ಎಲ್ಲರಿಗೂ ಗೊತ್ತು. ಅದಕ್ಕೆ ಕರಡು ತಯಾರಾಗುವುದು ಮಾತ್ರ ಬಾನ್‌ನ ಜೂನ್ ಸಭೆಯಲ್ಲಿ. ಆ ಎರಡು ವಾರ 66ನೇ ನಂಬರಿನ ಟ್ರಾಮ್ ಹತ್ತಿದರೆ ಸಾಕು, ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡು ನಿಂತಲ್ಲೇ ತೂಕಡಿಸುವ ಪ್ರತಿನಿಧಿಗಳು ಸಿಗುತ್ತಾರೆ. 2025ರಲ್ಲಂತೂ ಯಾವ ವಿಷಯ ಚರ್ಚೆ ಮಾಡಬೇಕು ಅನ್ನುವ ಜಗಳದಲ್ಲೇ ಸುಮಾರು ಎರಡು ದಿನ ಹೋಯಿತು. ಭಾರತವೂ ಸೇರಿದ ಗುಂಪು, ಶ್ರೀಮಂತ ದೇಶಗಳು ಕೊಡಬೇಕಾದ ಹಣದ ವಿಷಯ ಕಾರ್ಯಸೂಚಿಯಲ್ಲಿ ಬರಲೇಬೇಕು ಎಂದು ಪಟ್ಟು ಹಿಡಿದಿತ್ತು.

ಇಲ್ಲಿನ ನನ್ನ ಸಹೋದ್ಯೋಗಿಗಳಿಗೆ ಇದು ವಿಚಿತ್ರ ಅನಿಸುತ್ತದೆ. ಭೂಮಿ ಬಿಸಿಯಾಗ್ತಿದೆ, ಇವರು ಅಜೆಂಡಾ ಅಂತ ಕೂತಿದ್ದಾರಲ್ಲ ಅಂತ. ನನಗೆ ಏನೂ ವಿಚಿತ್ರ ಅನಿಸಲಿಲ್ಲ. ನಾನು ಮದ್ದೂರು ಕಡೆಯವನು. ಕಾವೇರಿ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಇರುವ ನೀರು ಕಮ್ಮಿ, ಹಕ್ಕುದಾರರು ಜಾಸ್ತಿ ಎಂದಾಗ ಸಭೆ ಹೇಗಿರುತ್ತದೆ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ವಾದಗಳನ್ನೇ ನೋಡಿ. ಕಾವೇರಿ ನೀರಿನ 1892 ಮತ್ತು 1924ರ ಒಪ್ಪಂದಗಳನ್ನು ಮುಂದಿಟ್ಟುಕೊಂಡು ತಮಿಳುನಾಡು ಹೇಳುತ್ತಿದ್ದದ್ದು: ನಾವು ಮೊದಲಿನಿಂದ ಬಳಸುತ್ತಿದ್ದೇವೆ, ನಮ್ಮ ಗದ್ದೆ ಒಣಗಿಸಬೇಡಿ. ನಾವು ಹೇಳುತ್ತಿದ್ದದ್ದು: ಒಪ್ಪಂದವೇ ನಮ್ಮ ಕೈ ಕಟ್ಟಿಹಾಕಿತ್ತು, ನಾವು ತಡವಾಗಿ ಶುರು ಮಾಡಿದವರು, ನಮಗೂ ಬೆಳೆಯಲು ಬಿಡಿ. ಬಾನ್‌ನಲ್ಲಿ ಭಾರತ ಮಾಡುವುದು ಹೆಚ್ಚುಕಡಿಮೆ ಈ ಕರ್ನಾಟಕದ ವಾದವನ್ನೇ. ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ಜರ್ಮನ್ 7, ನಾವು 2. ಹಾಗಿರುವಾಗ ಎಲ್ಲರಿಗೂ ಒಂದೇ ಅಳತೆ ಹೇಗೆ? ನ್ಯಾಯವಾದ ಪ್ರಶ್ನೆ, ಅಲ್ವಾ? ಆದರೆ ಅದೇ ಸಭೆಯಲ್ಲಿ ಪುಟ್ಟ ದ್ವೀಪ ದೇಶಗಳೂ ಕೂತಿರುತ್ತವೆ. ಅವರು ನಾಲೆಯ ಕೊನೆಯವರು. ಮೇಲಿನವರ ಜಗಳ ಯಾವ ಕಡೆ ತೀರ್ಮಾನವಾದರೂ ಅವರ ಊರು ಮುಳುಗುತ್ತದೆ. ಅವರ ಪ್ರತಿನಿಧಿಗಳು ಎದ್ದು ಮಾತಾಡುವಾಗ ನನಗೆ ಭಾರತದ ವಾದ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. (ಈ ಹೋಲಿಕೆಯನ್ನು ಚೆನ್ನೈನ ಗೆಳೆಯನ ಎದುರು ಹೇಳಿದ್ದೆ. ಅವನ ಪ್ರಕಾರ ಆ ದ್ವೀಪ ಅಂದರೆ ಕಾವೇರಿಯ ಕೊನೆಯಲ್ಲಿರುವ ತಂಜಾವೂರು. ಅಲ್ಲಿಗೆ ಆ ಸಂಜೆಯ ಊಟ ಕೆಟ್ಟಿತು.)

ದೊಡ್ಡಪ್ಪನ ಮಗ ಊರಲ್ಲಿ ಬೇಸಾಯ ಮಾಡುತ್ತಾನೆ. ಅವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಮೂವತ್ತು ವರ್ಸದಿಂದ ಮೀಟಿಂಗ್ ಮಾಡ್ತಾವ್ರೆ ಅಂತೀಯ. ಸರಿ ಕಣ್ಲಾ. ಗೇಟ್ ಬೀಗದ ಕೈ ಯಾರತ್ರ ಅದೆ?"

"ಯಾರ ಹತ್ರಾನೂ ಇಲ್ಲ ಅಣ್ಣ."

"ಹಂಗಾದ್ರೆ ಮಾತಾಡ್ಕೊಂಡಿರ್ಲಿ ಬುಡು."

ಇದಕ್ಕಿಂತ ಚೆನ್ನಾಗಿ ಯಾವ ತಜ್ಞನೂ ಹೇಳಿದ್ದನ್ನು ನಾನು ಕೇಳಿಲ್ಲ. ಕಾವೇರಿಯಲ್ಲಿ ಬೀಗದ ಕೈ ಇದೆ. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ತಿದ್ದಿತು. ವರ್ಷಕ್ಕೆ 177.25 ಟಿಎಂಸಿ ನೀರು ತಮಿಳುನಾಡು ಗಡಿಯ ಬಿಳಿಗುಂಡ್ಲು ದಾಟಬೇಕು. ಅಳೆಯುವ ಜಾಗ ಒಂದು, ಅಂಕಿ ಒಂದು, ಹೇಳಿದ್ದು ನಡೆಯಿತಾ ಎಂದು ನೋಡುವ ಪ್ರಾಧಿಕಾರ ಒಂದು. 2023ರಲ್ಲಿ ಮಳೆ ಕೈಕೊಟ್ಟಾಗ 15 ದಿನ 5,000 ಕ್ಯೂಸೆಕ್ಸ್ ಬಿಡಿ ಎಂದು ಆದೇಶ ಬಂತು. ಮಂಡ್ಯ ಬಂದ್ ಆಯಿತು, ರಸ್ತೆ ತಡೆ ಆಯಿತು, ಕೋರ್ಟಿಗೂ ಹೋದರು. ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ, ನೀರು ಹೋಯಿತು. ನಮಗೆ ಹೊಟ್ಟೆ ಉರಿಯಿತು, ಅದು ಬೇರೆ ಮಾತು.

ಹವಾಮಾನದಲ್ಲಿ ಹಾಗೆ, ಇಷ್ಟು ಹೊಗೆ ಇಳಿಸಿ ಎಂದು ಅಂಕಿ ಬರೆದು ಕೈಗಿಡುವ ಪ್ರಯತ್ನವೂ ಆಗಿತ್ತು. 1997ರ ಕ್ಯೋಟೊ ಒಪ್ಪಂದ ಅದೇ. ಅಮೆರಿಕ ಸಹಿ ಹಾಕಿ ಅನುಮೋದನೆ ಕೊಡಲೇ ಇಲ್ಲ. ಕೆನಡಾ 2011ರಲ್ಲಿ ಹೊರಗೆ ಹೋಗುತ್ತೇವೆ ಎಂದಿತು. ಕೇಳುವವರು ಯಾರೂ ಇಲ್ಲ. ಆ ಪಾಠ ಕಲಿತ ಮೇಲೆ 2015ರಲ್ಲಿ ಪ್ಯಾರಿಸ್ ಒಪ್ಪಂದ ಬಂತು: ನಿಮ್ಮ ಅಂಕಿ ನೀವೇ ಬರೆದುಕೊಳ್ಳಿ, ಐದು ವರ್ಷಕ್ಕೊಮ್ಮೆ ಹೆಚ್ಚಿಸಿ, ತಪ್ಪಿದರೆ ದಂಡ ಇಲ್ಲ. ಇದನ್ನು ಹಲ್ಲಿಲ್ಲದ ಹಾವು ಎಂದು ಬೈಯುವವರು ಬಹಳ. ನಾನು ಬೈಯುವುದಿಲ್ಲ. ಪ್ಯಾರಿಸ್‌ಗೆ ಮೊದಲು ಈ ಶತಮಾನದ ಕೊನೆಗೆ ತಾಪಮಾನ 4 ಡಿಗ್ರಿಯ ಹತ್ತಿರ ಏರಬಹುದು ಎಂಬ ಅಂದಾಜಿತ್ತು. ವಿಶ್ವಸಂಸ್ಥೆಯ 2025ರ ವರದಿ ಪ್ರಕಾರ ಈಗಿನ ನೀತಿಗಳಲ್ಲೇ ಹೋದರೆ 2.8 ಡಿಗ್ರಿ, ಹೇಳಿದ್ದನ್ನೆಲ್ಲ ಮಾಡಿದರೆ 2.3ರಿಂದ 2.5. ಸಾಲದು. ಆದರೆ ಸುಮ್ನೆ ಕೂತಿದ್ದರು ಎನ್ನಲು ಆಗುವುದಿಲ್ಲ. ಭಾರತ 2030ಕ್ಕೆ ಎಂದು ಹೇಳಿದ್ದ ಗುರಿ, ಅಂದರೆ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ಅನಿಲ ಇಲ್ಲದ ಮೂಲಗಳಿಂದ, 2025ರಲ್ಲೇ ಮುಟ್ಟಿತು.

ನಿಜವಾದ ಅಡ್ಡಿ ಬೇರೆ ಇದೆ, ಅದು ಸುದ್ದಿಯಾಗುವುದೂ ಕಮ್ಮಿ. 1995ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಮ್ಮೇಳನ ನಡೆದಾಗ ಮತದಾನದ ನಿಯಮಕ್ಕೆ ಒಪ್ಪಿಗೆ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ತೈಲ ಮಾರುವ ನಾಲ್ಕು ದೇಶ ತಲೆಯಾಡಿಸದಿದ್ದರೆ ಕಥೆ ಮುಗಿಯಿತು. ಓಜೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಲ್ಲಿ ಮತ ಹಾಕಲು ದಾರಿ ಇದೆ. ಅದು ಯಶಸ್ವಿಯಾಗಲು ಬೇರೆ ಕಾರಣಗಳೂ ಇದ್ದವು, ಆದರೆ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನು ದುಡ್ಡು. 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದು 2009ರಲ್ಲಿ ಹೇಳಿದ ಶ್ರೀಮಂತ ದೇಶಗಳು ಆ ಮೊತ್ತ ಮುಟ್ಟಿಸಿದ್ದು 2022ರಲ್ಲಿ. ಕಬ್ಬು ಅರೆಸಿ ಬಾಕಿಗೆ ಅಲೆದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಬಾಕು ಸಮ್ಮೇಳನದಲ್ಲಿ, 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದರು. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ. 2021ರ ಜುಲೈನಲ್ಲಿ ಬಾನ್‌ನ ಪಕ್ಕದ ಆರ್ ಕಣಿವೆಯಲ್ಲಿ ಪ್ರವಾಹ ಬಂತು. ಜರ್ಮನಿಯಲ್ಲಿ ಆ ಮಳೆಗೆ ಸತ್ತವರು 180ಕ್ಕೂ ಜಾಸ್ತಿ. ನೀರು ಇಳಿದ ಮೇಲೂ ಬಹಳ ದಿನ ಮನೆಗಳ ಗೋಡೆ ಮೇಲೆ ಕೆಸರಿನ ಗೆರೆ ಎರಡನೇ ಮಹಡಿಯ ಕಿಟಕಿಯವರೆಗೆ ಕಾಣುತ್ತಿತ್ತು. ಮತ್ತೆ ಕಟ್ಟಲು ಸರ್ಕಾರ 3,000 ಕೋಟಿ ಯೂರೊ ನಿಧಿ ಇಟ್ಟಿತು. ಒಳ್ಳೆಯದೇ ಮಾಡಿತು. ಇಡೀ ಜಗತ್ತಿನ ಬಡ ದೇಶಗಳ ಹಾನಿ ತುಂಬಿಕೊಡಲು 2022ರಲ್ಲಿ ಒಪ್ಪಿದ ನಿಧಿಗೆ 2025ರ ಕೊನೆಗೂ 100 ಕೋಟಿ ಡಾಲರ್ ಭರವಸೆ ಕೂಡ ಬಂದಿರಲಿಲ್ಲ.

ಹಾಗಂತ ನಮ್ಮ ಪದ್ಧತಿಯೇ ಮೇಲು ಎನ್ನಲಾರೆ. ಇಲ್ಲಿನವರಿಂದ ಮಂಡ್ಯ ಕಲಿಯಬೇಕಾದ್ದು ಒಂದಿದೆ. ಇವರು ಪ್ರತಿ ಜೂನ್‌ನಲ್ಲಿ ಕೂರುತ್ತಾರೆ, ಬಿಸಿಲು ಇರಲಿ ಮಳೆ ಇರಲಿ. ನಾವು ಕಾವೇರಿ ಬಗ್ಗೆ ಮಾತಾಡುವುದು ಕನ್ನಂಬಾಡಿ ಬತ್ತಿದಾಗ ಮಾತ್ರ. ಬರದ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಸಂಕಷ್ಟ ಸೂತ್ರ 2023ರಲ್ಲಿ ಎಲ್ಲರ ಬಾಯಲ್ಲಿತ್ತು. 2025ರಲ್ಲಿ ಜೂನ್ ಮುಗಿಯುವುದರೊಳಗೆ ಅಣೆಕಟ್ಟು 124.80 ಅಡಿ ತುಂಬಿತು. ಬಾಗಿನ ಬಿಟ್ಟೆವು. ಸೂತ್ರದ ಮಾತು ಯಾರಿಗೂ ನೆನಪಾಗಲಿಲ್ಲ. ತುಂಬಿದ ವರ್ಷವೇ ಅಲ್ವಾ ಜಗಳವಿಲ್ಲದೆ ಕೂರಬಹುದಾದ ವರ್ಷ? 2003ರಲ್ಲಿ ಎರಡೂ ರಾಜ್ಯದ ರೈತರು ಕಾವೇರಿ ಕುಟುಂಬ ಎಂದು ಸೇರಿ ಒಬ್ಬರ ಗದ್ದೆ ಇನ್ನೊಬ್ಬರು ನೋಡಿ ಬಂದಿದ್ದರು. ಸರ್ಕಾರಗಳು ಅದರಿಂದ ಏನನ್ನೂ ಎತ್ತಿಕೊಳ್ಳಲಿಲ್ಲ.

2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ಹವಾಮಾನ ಸಮ್ಮೇಳನಕ್ಕೆ ಅಮೆರಿಕ ಸರ್ಕಾರ ಪ್ರತಿನಿಧಿಗಳನ್ನೇ ಕಳಿಸಲಿಲ್ಲ. ತೈಲ, ಕಲ್ಲಿದ್ದಲಿನಿಂದ ಹೊರಬರುವ ದಾರಿ ಬರೆಯಬೇಕು ಎಂಬ ಬೇಡಿಕೆಗೆ ಅಂತಿಮ ಪಠ್ಯದಲ್ಲಿ ಜಾಗ ಸಿಗಲಿಲ್ಲ. ಆಗ ಕೊಲಂಬಿಯಾ ಮತ್ತು ನೆದರ್‌ಲ್ಯಾಂಡ್ಸ್, ಒಪ್ಪುವವರು ಬನ್ನಿ ಎಂದು ಇದೊಂದೇ ವಿಷಯಕ್ಕೆ 2026ರ ಏಪ್ರಿಲ್‌ಗೆ ಬೇರೆ ಸಭೆ ಕರೆದವು. ನನಗೆ ಇದು ಸರಿ ಅನಿಸಿತು. ಬೀಗದ ಕೈ ಯಾರಿಗೂ ಕೊಡುವುದಿಲ್ಲ ಎನ್ನುವವರನ್ನು ಕಾಯುತ್ತಾ ಕೂರುವ ಬದಲು, ತಮ್ಮ ತಮ್ಮ ತೂಬು ಮುಚ್ಚಿಕೊಳ್ಳಲು ಸಿದ್ಧ ಇರುವವರು ಲೆಕ್ಕ ಶುರು ಮಾಡಲಿ. ಆದರೆ ಕಲ್ಲಿದ್ದಲು ಜಾಸ್ತಿ ಸುಡುವ ಚೀನಾ, ಭಾರತ ಇಂಥ ಸಭೆಯ ಹೊರಗೇ ನಿಂತರೆ ಆ ಲೆಕ್ಕ ಎಲ್ಲಿಗೆ ಮುಟ್ಟೀತು ಎಂದು ದೊಡ್ಡಪ್ಪನ ಮಗ ಕೇಳಿಯೇ ಕೇಳುತ್ತಾನೆ. ಅವನಿಗೆ ಹೇಳಲು ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.