ಆನ್‌ಲೈನ್ ರೇಡಿಯೋ ಬಂತು, ಸರಿ. ಮೈಕ್ ಮುಂದೆ ಯಾರಿದ್ದಾರೆ?

ಬೆಂಗಳೂರಿನಲ್ಲಿ ಎಫ್‌ಎಂ ಹಾಕಿ ಒಂದೊಂದೇ ಚಾನೆಲ್ ತಿರುಗಿಸಿ ನೋಡಿ. ಹೆಚ್ಚಿನ ಕಡೆ ಸಿನಿಮಾ ಹಾಡು, ಪಟಪಟ ಮಾತು, ಜಾಹೀರಾತು. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಇದೇ ಊರಲ್ಲಿ, 2001ರಲ್ಲಿ. ಇಷ್ಟು ವರ್ಷ ಆದಮೇಲೂ ತುಳು, ಕೊಡವ, ಕಲಬುರಗಿ ಕಡೆಯ ಕನ್ನಡ ಇಲ್ಲಿ ಕಿವಿಗೆ ಬೀಳುವುದೇ ಅಪರೂಪ.

ಅದಕ್ಕೇ ನನಗೆ ಆನ್‌ಲೈನ್ ರೇಡಿಯೋ ಅಂದ್ರೆ ಇಷ್ಟ. ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿರುವ ನನ್ನ ಚಿಕ್ಕಮ್ಮ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಆಕಾಶವಾಣಿ ಮಂಗಳೂರಿನ ತುಳು ಕಾರ್ಯಕ್ರಮವನ್ನು ಆ್ಯಪ್‌ನಲ್ಲಿ ಕೇಳುತ್ತಾ ಅಡುಗೆ ಮಾಡುತ್ತಾರೆ, ಮಧ್ಯೆ ಯಾರಾದರೂ ಫೋನ್ ಮಾಡಿದರೆ ಅವರಿಗೆ ಬೈಗುಳ ಗ್ಯಾರಂಟಿ. ಮೊದಲೆಲ್ಲ ಇದು ಸಾಧ್ಯವೇ ಇರಲಿಲ್ಲ.

ಆದರೆ ಆ ಕಾರ್ಯಕ್ರಮ ಆ್ಯಪ್ ಮಾಡಿದ್ದಲ್ಲ. ಮಂಗಳೂರಿನಲ್ಲಿ ಒಂದು ಸ್ಟುಡಿಯೋ ಇದೆ, ತುಳು, ಕೊಂಕಣಿ, ಬ್ಯಾರಿ ಮಾತಾಡುವವರನ್ನು ಕರೆದು ಕೂರಿಸುತ್ತಾರೆ, ಅದಕ್ಕೆ ಬಂತು. ಮಡಿಕೇರಿಯ ಕೊಡವ, ಅರೆಭಾಷೆ ಕಾರ್ಯಕ್ರಮಗಳೂ ಹಾಗೇ. ‘ಎಲ್ಲ ಆನ್‌ಲೈನಲ್ಲಿ ಸಿಗುತ್ತಲ್ಲ, ಸಣ್ಣ ಸ್ಟೇಷನ್ ಯಾಕೆ?’ ಅನ್ನುವವರು ಇದನ್ನು ಯೋಚಿಸಬೇಕು. ಸ್ಟೇಷನ್ನೇ ಮುಚ್ಚಿದರೆ ಆ್ಯಪ್‌ನಲ್ಲಿ ಕೇಳೋದು ಏನನ್ನ?

ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಹಳ್ಳಿ ರೇಡಿಯೋದವರ ಹಟ ನೋಡಿ. ಆಗ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸೇ ಕೊಡುತ್ತಿರಲಿಲ್ಲ. ಇವರು ಕೇಬಲ್ ಎಳೆದು ತಮ್ಮ ಕಾರ್ಯಕ್ರಮಗಳನ್ನು ಮನೆಗಳಿಗೆ ಮುಟ್ಟಿಸಿದರು! ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ, ಅಂದರೆ ಸ್ಥಳೀಯರಿಗಾಗಿ ಸ್ಥಳೀಯರೇ ಕಾರ್ಯಕ್ರಮ ಮಾಡುವ ಸಣ್ಣ ರೇಡಿಯೋ, ನಡೆಸಬಹುದು ಅಂತ ಸರ್ಕಾರ ಒಪ್ಪಿದ್ದು 2006ರಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ‘ರೇಡಿಯೋ ಆ್ಯಕ್ಟಿವ್’ ಶುರುವಾಯಿತು. ಅಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಬದುಕಿನ ಬಗ್ಗೆ ತಾವೇ ಕಾರ್ಯಕ್ರಮ ನಡೆಸಿದರು. ಅವರ ಬಗ್ಗೆ ಬೇರೆಯವರು ಮಾತಾಡೋದಕ್ಕೂ ಅವರೇ ಮೈಕ್ ಹಿಡಿಯೋದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ವೈವಿಧ್ಯ ಅಂದ್ರೆ ನನಗೆ ಇದು.

1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಗಾಳಿಯಲ್ಲಿ ಹೋಗುವ ತರಂಗಗಳು ಜನರ ಆಸ್ತಿ ಅಂತ. ಆದರೂ ಸಮುದಾಯ ರೇಡಿಯೋಗಳು ಸ್ವಂತವಾಗಿ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು. ಪಂಚಾಯಿತಿ ಸಭೆಯಲ್ಲಿ ನಿನ್ನೆ ಏನಾಯಿತು ಅಂತ ಊರಿನ ಯೂಟ್ಯೂಬ್ ಹುಡುಗ ಹೇಳಬಹುದು, ಊರಿನ ರೇಡಿಯೋ ಹೇಳುವಂತಿಲ್ಲ. ಇದ್ಯಾವ ನ್ಯಾಯ? ಈ ನಿಯಮ ಹೋಗಲೇಬೇಕು.

ಇನ್ನೊಂದು ಮಾತು. ಆನ್‌ಲೈನ್ ಬಂತೆಂದು ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ ಬೀಗ ಹಾಕಬೇಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಮಲೆನಾಡಿನ ಮನೆಯಲ್ಲಿ ಸೆಲ್ ಹಾಕಿದ ರೇಡಿಯೋ ಒಂದೇ ಮಾತಾಡೋದು.