ಮುಚ್ಚಳ ಮಾತ್ರ ಚೆನ್ನಾಗಿದೆ

ಆನ್‌ಲೈನ್ ಹರಾಜಿನಲ್ಲಿ ವಿಮಾನದ ಹಳೇ ಮಾಡೆಲ್ ಕಿಟ್ (ಬಿಡಿಭಾಗ ಅಂಟಿಸಿ ಪುಟ್ಟ ವಿಮಾನ ಮಾಡುವ ಪೆಟ್ಟಿಗೆ) ಮಾರುವವರು ಪೆಟ್ಟಿಗೆಯ ಮುಚ್ಚಳವನ್ನು ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯುತ್ತಾರೆ. ಒಳಗಿರುವುದನ್ನೂ ಒಂದು ಸಲ ತೋರಿಸಿ ಮಾರಾಯ್ರೆ! ಮುಚ್ಚಳದ ಚಿತ್ರವನ್ನು ಅಂಟಿಸಿ ವಿಮಾನ ಮಾಡೋಕಾಗುತ್ತಾ?

'ಎಲ್ಲ ಭಾಗಗಳೂ ಇವೆ' ಅಂತ ಬರೆದಿರುತ್ತದೆ. ಮಡಿಕೇರಿಗೆ ಬಂದ ಮೇಲೆ ಬಿಚ್ಚಿದರೆ ಕಾಕ್‌ಪಿಟ್ ಮುಚ್ಚುವ ಪಾರದರ್ಶಕ ತುಂಡೇ ನಾಪತ್ತೆ. 1/72 ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಭಾಗದಷ್ಟು ಉದ್ದದ ಮಾದರಿಯಲ್ಲಿ, ಅದು ತೀರಾ ಪುಟ್ಟದು, ಆದರೆ ಅದಿಲ್ಲದೆ ವಿಮಾನ ಬೋಳು. ಇಲ್ಲಿ ಯಾವ ಅಂಗಡಿಯಲ್ಲಿ ಬಿಡಿಯಾಗಿ ಕೇಳಲಿ? 'ಸೀಲ್ ಒಡೆದಿಲ್ಲ' ಅನ್ನೋದನ್ನೂ ನಂಬೋ ಹಾಗಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಸುತ್ತುವುದೇನು ಮಹಾ ಕೆಲಸ?

ಸೀಲ್ ನಿಜವಾಗಿದ್ದರೂ ವಯಸ್ಸು ಬಿಡುತ್ತದೆಯೇ? ಮೆತ್ತನೆಯ ವಿನೈಲ್ ಚಕ್ರ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಪಕ್ಕದ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ. ಡೆಕಾಲ್ ಹಾಳೆ (ನೀರಲ್ಲಿ ನೆನೆಸಿ ವಿಮಾನದ ಮೇಲೆ ಅಂಟಿಸುವ ಗುರುತು-ಚಿಹ್ನೆಗಳ ಹಾಳೆ) ಹಳದಿಯಾಗಿ, ನೀರಿಗೆ ಹಾಕಿದ ಕೂಡಲೇ ಚೂರುಚೂರು. ಹಳದಿ ಹೋಗಲು ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗೆ ಒಡ್ಡಿ ಅಂತಾರೆ. ಜುಲೈ ತಿಂಗಳಲ್ಲಿ, ಕೊಡಗಿನಲ್ಲಿ, ಬಿಸಿಲು! ಬಟ್ಟೆ ಒಣಗಿದರೇ ಹಬ್ಬ ಇಲ್ಲಿ.

ಬೆಲೆ ಕಡಿಮೆ ಅಂತಲೂ ಅಲ್ಲ. ಕೊನೆಯ ಹತ್ತು ಸೆಕೆಂಡಿನಲ್ಲಿ ಯಾರೋ ಬಂದು ಬಿಡ್ ಏರಿಸುತ್ತಾರೆ. ಅವರು ಮಾರುವವರ ಗೆಳೆಯರೇ ಇರಬಹುದು, ಯಾರಿಗೆ ಗೊತ್ತು. ಹೊರದೇಶದ್ದಾದರೆ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ ಬೇರೆ. ದೂರಿದರೆ ಬರುವ ಉತ್ತರ: 'ಇದ್ದ ಹಾಗೇ ಮಾರಿದ್ದು, ವಾಪಸ್ ಇಲ್ಲ.' ಜೊತೆಗೆ, ನಮಗೆ ಐದು ಸ್ಟಾರ್ ಕೊಡಿ ಅಂತ ಒಂದು ಕೋರಿಕೆ ಬೇರೆ!