ಹಿತ್ತಲ ನಲ್ಲಿ

ಚಿಕ್ಕವನಿದ್ದಾಗ ಒಂದು ಸಂಜೆ ನಾನು ಬೇರೆ ಯಾರದೋ ಅಪ್ಪನ ಸೈಕಲ್ ಹತ್ತಿ ಅವರ ಮನೆಗೆ ಹೋಗಿಬಿಟ್ಟಿದ್ದೆ. ತಪ್ಪು ಅರ್ಧ ನನ್ನದು, ಅರ್ಧ ಕಾಲನಿಯದು.

ಎರಡನೇ ಮಹಾಯುದ್ಧ ಮುಗಿದು, ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ಸುತ್ತ ಒಂದರ ಹಿಂದೊಂದು ಸರ್ಕಾರಿ ಕಾರ್ಖಾನೆ ಶುರುವಾದವು. 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಮಷೀನ್ ಟೂಲ್ ಮಾಡುವ ಎಚ್‌ಎಂಟಿ, ಮರುವರ್ಷ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, 1964ರಲ್ಲಿ ಮಣ್ಣು ಅಗೆಯುವ ಯಂತ್ರಗಳ ಬಿಇಎಂಎಲ್. ವಿಮಾನದ ಕಾರ್ಖಾನೆ ಎಚ್‌ಎಎಲ್ ಯುದ್ಧದ ಕಾಲದಿಂದಲೇ ಇತ್ತು. ಊರು ಆಗ ಅಲ್ಲಿಯವರೆಗೆ ಬೆಳೆದಿರಲಿಲ್ಲ. ಕೆಲಸದವರು ಸಿಟಿಯಿಂದ ದಿನಾ ಓಡಾಡುವುದು ಕಷ್ಟ ಅಂತ ಕಾರ್ಖಾನೆ ಪಕ್ಕದಲ್ಲೇ ಕ್ವಾರ್ಟರ್ಸ್ ಕಟ್ಟಿದರು. ಟೆಲಿಫೋನ್ ಮಾಡುವ ಕಡೆ ಕಟ್ಟಿದ ಊರಿಗೆ ದೂರವಾಣಿನಗರ ಅಂತಲೇ ಹೆಸರಾಯಿತು. ನಾನು ಬೆಳೆದದ್ದು ಇಂಥದ್ದೇ ಒಂದು ಕಾಲನಿಯಲ್ಲಿ. ಯಾವುದು ಅಂತ ಹೇಳುವುದಿಲ್ಲ. ಒಂದು ನಲ್ಲಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನಮ್ಮದು ಬಿ ಟೈಪ್ ಮನೆ. ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು, ಹಿಂದೆ ಹಿತ್ತಲು. ಎಲ್ಲಾ ಮನೆಗೂ ಹಳದಿ ಸುಣ್ಣ, ಹಸಿರು ಬಾಗಿಲು. ಗುರುತಿಗೆ ಇದ್ದದ್ದು ನಂಬರ್ ಒಂದೇ. ಸುಣ್ಣ ಹೊಡೆಯುವವರು ಅದರ ಮೇಲೂ ಒಂದು ಕೈ ಎಳೆದು ಹೋಗುತ್ತಿದ್ದರು. ಬರುವ ನೆಂಟರಿಗೆ ಅಮ್ಮ, "ಹಿತ್ತಲಲ್ಲಿ ನುಗ್ಗೆ ಮರ ಇರೋ ಮನೆ" ಅಂತ ಹೇಳಿ ಕಳಿಸುತ್ತಿದ್ದಳು. ಆದರೆ ಕೇಳಿದವರಿಗೆಲ್ಲ ನುಗ್ಗೆ ಕೊಂಬೆ ಕಡಿದು ಕೊಟ್ಟವಳೂ ಅವಳೇ. ಎರಡು ವರ್ಷದಲ್ಲಿ ಇಡೀ ಸಾಲಿನ ಹಿತ್ತಲಲ್ಲಿ ನುಗ್ಗೆ ಮರ. ಒಂದು ಸಲ ದಾವಣಗೆರೆಯಿಂದ ಬಂದ ದೊಡ್ಡಮ್ಮ ಮೂರು ಮನೆಯಲ್ಲಿ ಕಾಫಿ ಕುಡಿದು ನಾಲ್ಕನೆಯದಾಗಿ ನಮ್ಮ ಮನೆಗೆ ಬಂದರು.

ಜನಕ್ಕೂ ಹೆಸರು ಕಡಿಮೆ. ಮನೆಯ ಗಂಡಸು ಕಾರ್ಖಾನೆಯ ಯಾವ ವಿಭಾಗದಲ್ಲೋ ಅದೇ ಹೆಸರು. ನಮಗೆ ಅವರೆಲ್ಲ ಟೂಲ್ ರೂಮ್ ಅಂಕಲ್, ಫೌಂಡ್ರಿ ಅಂಕಲ್, ಪೇಂಟ್ ಶಾಪ್ ಆಂಟಿ. ಆಂಟಿ ಪೇಂಟ್ ಶಾಪ್ ಕಡೆ ತಲೆ ಹಾಕಿಯೂ ಮಲಗಿದವರಲ್ಲ, ಪಾಪ.

ಇನ್ನು ಸೈಕಲ್ ವಿಷಯ. ಸಂಜೆ ಸೈರನ್ ಕೂಗಿತು ಅಂದರೆ ಗೇಟಿನಿಂದ ಸೈಕಲ್‌ಗಳು ಕೆರೆ ಕೋಡಿ ಬಿದ್ದ ಹಾಗೆ ಹೊರಗೆ ನುಗ್ಗುತ್ತಿದ್ದವು. ಎಲ್ಲರದ್ದೂ ಒಂದೇ ಯೂನಿಫಾರ್ಮು, ಹ್ಯಾಂಡಲ್‌ಗೆ ಒಂದೇ ಥರದ ಟಿಫಿನ್ ಕ್ಯಾರಿಯರ್. ನಾನಾಗ ಒಂದನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಕಾದಿದ್ದು, ಅಪ್ಪ ಸೈಕಲ್ ನಿಧಾನ ಮಾಡಿದಾಗ ಹಿಂದಿನಿಂದ ಹಾರಿ ಕ್ಯಾರಿಯರ್ ಮೇಲೆ ಕೂರುವುದು ನಮ್ಮ ಪದ್ಧತಿ. ಅವತ್ತೂ ಹಾರಿದೆ. ಬೆನ್ನು ಅದೇ, ಬೆವರಿನ ವಾಸನೆ ಅದೇ. ದಾರಿಯುದ್ದಕ್ಕೂ ಗಣಿತದ ಮೇಷ್ಟ್ರು ಹೊಡೆದದ್ದನ್ನು ಹೇಳಿಕೊಂಡೆ. ಬೆನ್ನು "ಹ್ಞೂಂ" ಅಂದಿತು. ನಮ್ಮಪ್ಪನೂ ಅಷ್ಟೇ ಮಾತಾಡುತ್ತಿದ್ದದ್ದು.

ಹಸಿರು ಬಾಗಿಲು ತೆಗೆದು ಬಂದವರು ಫೌಂಡ್ರಿ ಆಂಟಿ. "ಇದ್ಯಾರ್ರೀ?" ಅಂದರು. ಅಂಕಲ್ ತಿರುಗಿ ನೋಡಿ ನನಗಿಂತ ಜಾಸ್ತಿ ಗಾಬರಿಯಾದರು. ಅವರಿಗೆ ನಾಲ್ಕು ಮಕ್ಕಳು. "ಭಾರ ನೋಡಿ ನಮ್ಮ ಮೂರನೆಯವನೇ ಅಂದ್ಕೊಂಡೆ ಕಣೇ" ಅಂದರು. ಆಂಟಿ ಒಗ್ಗರಣೆ ಅವಲಕ್ಕಿ ತಿನ್ನಿಸಿಯೇ ಕಳಿಸಿದರು. ನನ್ನನ್ನು ಕಾಣದೆ ಅಪ್ಪ ಗೇಟಿನ ಹತ್ತಿರ ಎಷ್ಟು ಪರದಾಡಿದರೋ ಅಂತ ಅಳುತ್ತಾ ಮನೆಗೆ ಬಂದರೆ, ಅವರು ಜಗಲಿ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ನನ್ನನ್ನು ಹತ್ತಿಸಿಕೊಳ್ಳುವುದು ಮರೆತೇ ಹೋಗಿತ್ತಂತೆ.

ಈಗ ನಲ್ಲಿ.

1980ರ ಡಿಸೆಂಬರ್ ಕೊನೆಯಲ್ಲಿ ಈ ಐದೂ ಕಾರ್ಖಾನೆಗಳ ಕೆಲಸಗಾರರು ಒಟ್ಟಿಗೆ ಸ್ಟ್ರೈಕ್ ಹೂಡಿದರು. 77 ದಿನ ನಡೆಯಿತು. ದೊಡ್ಡವರಿಗೆ ಅದು ಸಂಬಳದ ಹೋರಾಟ. ಅಂಗಡಿಯಲ್ಲಿ ಸಾಲ ಬೆಳೆಯಿತು, ಕಾಫಿಗೆ ಚಿಕೋರಿ ಜಾಸ್ತಿಯಾಯಿತು. ನಮಗೆ ಮಾತ್ರ ಮನೆಮನೆಯಲ್ಲೂ ಒಬ್ಬೊಬ್ಬ ಅಪ್ಪ ಹಗಲು ಹೊತ್ತಿನಲ್ಲಿ ಕಾಣಿಸಿದ್ದೇ ದೊಡ್ಡ ಸುದ್ದಿ.

ಮೊದಲ ವಾರ ಅಪ್ಪ ಇಸ್ಪೀಟು ಆಡಿದರು. ಎರಡನೇ ವಾರ ಅಡುಗೆಮನೆಗೆ ಬಂದರು. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಚೀಟಿ ಅಂಟಿಸಿದರು. ಸಾಸಿವೆ, ಮೆಂತ್ಯ, ಇಂಗು. ಹೆಸರು ಗೊತ್ತಾಗದ ಸಾಮಾನು ಇದ್ದ ಡಬ್ಬಿಗೆ ಆಫೀಸ್ ಫೈಲಿನ ಹಾಗೆ "ಇತರೆ" ಅಂತ ಬರೆದರು. ಒಗ್ಗರಣೆಗೆ ಎಷ್ಟು ಸೆಕೆಂಡ್ ಬೇಕು ಅಂತ ವಾಚ್ ನೋಡಲು ಶುರುಮಾಡಿದಾಗ ಅಮ್ಮ, "ಸ್ಟ್ರೈಕ್ ನಿಮ್ಮದು, ನಂದಲ್ಲ. ಹಿತ್ತಲಿಗೆ ನಡೀರಿ" ಅಂದಳು.

ಹಿತ್ತಲ ನಲ್ಲಿ ತೊಟ್ಟಿಕ್ಕುತ್ತಿತ್ತು. "ವಾಷರ್ ಹೋಗಿದೆ, ಹತ್ತು ನಿಮಿಷದ ಕೆಲಸ" ಅಂದರು ಅಪ್ಪ. ಸ್ಪ್ಯಾನರ್ ಹಾಕಿ ನಲ್ಲಿಯನ್ನೇ ಬಿಚ್ಚಿದರು. ನೀರು ಬರುವ ಹೊತ್ತು. ಕಬ್ಬನ್ ಪಾರ್ಕಿನ ಕಾರಂಜಿ ನಮ್ಮ ಹಿತ್ತಲಿಗೆ ಬಂತು. "ಅಂಗೈ ಒತ್ತಿ ಹಿಡ್ಕೋ, ಈಗ ಬಂದೆ" ಅಂತ ನನ್ನನ್ನು ನಿಲ್ಲಿಸಿ, ಮುಚ್ಚಲು ಏನಾದರೂ ತರಲು ಓಡಿದರು. ದಾರಿಯಲ್ಲಿ ಟೂಲ್ ರೂಮ್ ಅಂಕಲ್ ಸಿಕ್ಕರು. ದೆಹಲಿಯಲ್ಲಿ ಮಾತುಕತೆ ಏನಾಯ್ತಂತೆ ಅನ್ನುವುದರಿಂದ ಶುರುವಾಗಿ ಅರ್ಧ ಗಂಟೆ. ನಾನು ಬೆರಳಿನ ಸಂದಿಯಿಂದ ಮುಖಕ್ಕೆ ಚಿಮ್ಮುವ ನೀರು ಕುಡಿಯುತ್ತಾ ನಿಂತಿದ್ದೆ. ಕೊನೆಗೆ ಅಮ್ಮ ಬಂದು, ಹುಳಿಗೆ ಹೆಚ್ಚಲು ತೆಗೆದಿಟ್ಟಿದ್ದ ಕ್ಯಾರೆಟ್ ಒಂದನ್ನು ಪೈಪಿಗೆ ತುರುಕಿದಳು. ನಿಂತಿತು.

ಸಂಜೆ ಅಪ್ಪ ಕ್ಯಾರೆಟ್ ತೆಗೆದು, ಬಟ್ಟೆ ಸುತ್ತಿದ ಮರದ ಬೆಣೆ ಹೊಡೆದರು. "ನಾಳೆ ವಾಷರ್ ತಂದು ಹಾಕ್ತೀನಿ." ಆ ನಾಳೆ ಬರುವ ಮೊದಲೇ ಸ್ಟ್ರೈಕ್ ಮುಗಿಯಿತು. ಬೆಣೆ ಒಂಬತ್ತು ವರ್ಷ ಇತ್ತು.

ಅಪ್ಪ ರಿಟೈರ್ ಆದಾಗ ಮನೆ ವಾಪಸ್ ಕೊಡಬೇಕಾಯಿತು. ಕಾಲನಿ ಆಫೀಸಿನವರು ಪಟ್ಟಿ ಹಿಡಿದು ಬರುತ್ತಾರೆ: ಬಲ್ಬ್ ಹೋಲ್ಡರ್ 4, ನಲ್ಲಿ 3. ಹಿಂದಿನ ರಾತ್ರಿ ಅಪ್ಪನಿಗೆ ಬೆಣೆ ನೆನಪಾಯಿತು. ನಲ್ಲಿಗೆ ಮನೆಯೆಲ್ಲ ಹುಡುಕಿದ್ದಾಯಿತು, ಇಲ್ಲ. ಹೊಸದು ತಂದು ಹಾಕೋಣ ಅಂದರೆ ಕ್ವಾರ್ಟರ್ಸ್ ನಲ್ಲಿಗಳ ಮೇಲೆ ಕಾರ್ಖಾನೆಯ ಮುದ್ರೆ. ಟೂಲ್ ರೂಮ್ ಅಂಕಲ್ ಒಂದು ಮಾತಾಡದೆ ತಮ್ಮ ಹಿತ್ತಲ ನಲ್ಲಿ ಬಿಚ್ಚಿ ತಂದು ನಮ್ಮ ಪೈಪಿಗೆ ತಿರುಗಿಸಿದರು. ನಮ್ಮ ಬೆಣೆ ತಾತ್ಕಾಲಿಕವಾಗಿ ಅವರ ಪೈಪಿಗೆ ಹೋಯಿತು. ಆಫೀಸಿನವರು ನೋಡಿಹೋದ ಮೇಲೆ ಬದಲಾಯಿಸಿಕೊಳ್ಳುವುದು ಅಂತ ಪ್ಲಾನು.

ಬಂದವರು ಮೂರು ನಲ್ಲಿ ಎಣಿಸಿದರು, ಪೆನ್ನಿನಲ್ಲಿ ಟಿಕ್ ಹಾಕಿದರು, ಅಲ್ಲೇ ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡರು. ನಲ್ಲಿ ಒಳಗೆ, ನಾವು ಹೊರಗೆ. ಅಪ್ಪನೂ ಅಂಕಲ್‌ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಹೊಸ ಮನೆಯಲ್ಲಿ ಅಮ್ಮ ಡಬ್ಬಿ ಜೋಡಿಸುವಾಗ ಒಂದು ಡಬ್ಬಿ ಗಡಗಡ ಅಂದಿತು. ತೆರೆದರೆ ನಲ್ಲಿ. ಪಕ್ಕದಲ್ಲಿ ಹೊಸ ವಾಷರ್ ಕೂಡ. ಡಬ್ಬಿಯ ಮೇಲೆ ಅಪ್ಪನ ಅಕ್ಷರ: ಇತರೆ.

ಭಾನುವಾರ ಅಪ್ಪ ಎರಡು ಬಸ್ ಬದಲಾಯಿಸಿ ನಲ್ಲಿ ಕೊಡಲು ಹೋದರು. ಅಂಕಲ್ ಹಿತ್ತಲಲ್ಲಿ ಆಗಲೇ ಫಳಫಳ ಹೊಳೆಯುವ ನಲ್ಲಿ. ಅವರೇ ಮಾಡಿದ್ದಂತೆ, ಮುದ್ರೆ ಸಮೇತ. "ಟೂಲ್ ರೂಮ್ ಅಂದ್ರೆ ಸುಮ್ನೇನಾ ಸಾರ್?" ಅಂದರಂತೆ.

ಸಂಜೆ ಅಪ್ಪ ಅದೇ ಚೀಲ ಹಿಡಿದು ವಾಪಸ್ ಬಂದರು. ಒಳಗೆ ನಲ್ಲಿ ಹಾಗೇ ಇತ್ತು. ಜೊತೆಗೆ, ತೊಳೆದು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ ನಮ್ಮ ಬೆಣೆ.